ಹವ್ಯಾಸಿ ಓಟಗಾರರ ವರ್ಷ ಮತ್ತು ದೇಹದೊಳಗಿನ ಹಲವು ವೇಗಗಳು

ಹವ್ಯಾಸಿ ಓಟಗಾರರು ವರ್ಷದ ಮೊದಲ ವಾರದಲ್ಲಿ ಬರೆದಿಟ್ಟುಕೊಳ್ಳುವ ಗುರಿಗಳು ಹೆಚ್ಚುಕಡಿಮೆ ಒಂದೇ ಬಗೆಯವು: 10 ಕಿಲೋಮೀಟರ್ ಓಟವನ್ನು ಒಂದು ಗಂಟೆಯೊಳಗೆ ಮುಗಿಸುವುದು, ಹಾಫ್ ಮ್ಯಾರಥಾನನ್ನು (ಸುಮಾರು 21 ಕಿಲೋಮೀಟರ್) ಎರಡು ಗಂಟೆಯೊಳಗೆ ಮುಗಿಸುವುದು, ವರ್ಷ ತುಂಬುವ ಮೊದಲು ಒಂದು ಪೂರ್ಣ ಮ್ಯಾರಥಾನ್ (ಸುಮಾರು 42 ಕಿಲೋಮೀಟರ್) ಓಡುವುದು, ಸಾಧ್ಯವಾದರೆ ಅದನ್ನೂ ನಾಲ್ಕು ಗಂಟೆಯೊಳಗೆ. ಈ ಅಂಕಿಗಳು ಗಡಿಯಾರದಿಂದ ಬಂದವೇ ಹೊರತು ದೇಹದಿಂದ ಬಂದವಲ್ಲ. ಆದರೂ ಅವುಗಳ ಸೆಳೆತ ಬಲವಾದದ್ದು. ಸಂಶೋಧಕ ಎರಿಕ್ ಅಲೆನ್ ಮತ್ತು ಅವರ ಸಂಗಡಿಗರು 90 ಲಕ್ಷಕ್ಕೂ ಹೆಚ್ಚು ಮ್ಯಾರಥಾನ್ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೂರು, ಮೂರೂವರೆ, ನಾಲ್ಕು ಗಂಟೆಗಳಂಥ ದುಂಡು ಅಂಕಿಗಳಿಗೆ ಸ್ವಲ್ಪ ಮುಂಚೆ ಓಟ ಮುಗಿಸಿದವರ ಸಂಖ್ಯೆ ದಟ್ಟವಾಗಿರುವುದೂ, ಆ ಅಂಕಿ ದಾಟಿದೊಡನೆ ಥಟ್ಟನೆ ಇಳಿಯುವುದೂ ಕಂಡುಬಂತು. ಕೊನೆಯ ಎರಡು ಕಿಲೋಮೀಟರುಗಳಲ್ಲಿ ಉಳಿದ ಶಕ್ತಿಯನ್ನೆಲ್ಲ ಹೊರತೆಗೆಸುವ ಕೆಲಸವನ್ನು ಈ ಅಂಕಿಗಳು ನಿಜಕ್ಕೂ ಮಾಡುತ್ತವೆ.

ದುಂಡು ಅಂಕಿಯನ್ನು ಗುರಿಯಾಗಿ ಇಟ್ಟುಕೊಳ್ಳುವುದು ತಪ್ಪೇನಲ್ಲ. ಆದರೆ ಅಂಥ ಎರಡು ಮೂರು ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆದಾಗ ಅವು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಿಕೊಳ್ಳಬೇಕಾಗುತ್ತದೆ. ಇದಕ್ಕೆ ಅಮೆರಿಕದ ಎಂಜಿನಿಯರ್ ಪೀಟ್ ರೀಗಲ್ 1977ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ. ದೂರ ಎಷ್ಟು ಪಟ್ಟು ಹೆಚ್ಚುತ್ತದೆಯೋ ಆ ಸಂಖ್ಯೆಯ 1.06ನೆಯ ಘಾತದಷ್ಟು ಪಟ್ಟು ಸಮಯ ಹೆಚ್ಚುತ್ತದೆ ಎಂಬುದು ಅದರ ಸಾರಾಂಶ. ಇದರ ಪ್ರಕಾರ 10 ಕಿಲೋಮೀಟರನ್ನು ಸರಿಯಾಗಿ 60 ನಿಮಿಷದಲ್ಲಿ ಓಡುವವರ ಹಾಫ್ ಮ್ಯಾರಥಾನ್ ಸಮಯ ಸುಮಾರು 2 ಗಂಟೆ 12 ನಿಮಿಷ, ಪೂರ್ಣ ಮ್ಯಾರಥಾನ್ ಸಮಯ ಸುಮಾರು 4 ಗಂಟೆ 36 ನಿಮಿಷ. ಹಾಫ್ ಮ್ಯಾರಥಾನ್ ಎರಡು ಗಂಟೆಯಲ್ಲಿ ಮುಗಿಯಬೇಕಾದರೆ 10 ಕಿಲೋಮೀಟರನ್ನು ಐವತ್ತನಾಲ್ಕೂವರೆ ನಿಮಿಷದೊಳಗೆ ಓಡುವ ಸಾಮರ್ಥ್ಯ ಬೇಕು. ಹಾಳೆಯ ಮೇಲೆ ಅಕ್ಕಪಕ್ಕದಲ್ಲಿ ಸಮಾನವಾಗಿ ಕಾಣುವ ಎರಡು ಗುರಿಗಳ ನಡುವೆ ಹಲವು ತಿಂಗಳುಗಳ ಅಭ್ಯಾಸದ ಅಂತರವಿದೆ. ಸೂತ್ರವು ಎರಡೂ ದೂರಗಳಿಗೆ ಸಮನಾದ ತಯಾರಿಯಿದೆ ಎಂದು ಭಾವಿಸಿಕೊಳ್ಳುವುದರಿಂದ, ವಾರಕ್ಕೆ ಕಡಿಮೆ ದೂರ ಓಡುವ ಹವ್ಯಾಸಿಗಳ ಮ್ಯಾರಥಾನ್ ಸಮಯ ಸಾಮಾನ್ಯವಾಗಿ ಅದು ಹೇಳುವುದಕ್ಕಿಂತ ಹೆಚ್ಚೇ ಇರುತ್ತದೆ.

ಆ ತಿಂಗಳುಗಳಲ್ಲಿ ದೇಹದೊಳಗೆ ನಡೆಯುವುದೇನು? ಓಟದ ಅಭ್ಯಾಸಕ್ಕೆ ದೇಹದ ಎಲ್ಲ ಭಾಗಗಳೂ ಹೊಂದಿಕೊಳ್ಳುತ್ತವೆ, ಆದರೆ ಒಂದೇ ವೇಗದಲ್ಲಲ್ಲ. ಒಂದು ವರ್ಷದ ಗುರಿಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂಬ ಪ್ರಶ್ನೆಗೆ ಉತ್ತರ ಸಿಗುವುದು ಈ ವೇಗಗಳ ವ್ಯತ್ಯಾಸದಲ್ಲಿಯೇ.

ಎಲ್ಲಕ್ಕಿಂತ ಮೊದಲು ಬದಲಾಗುವುದು ರಕ್ತ. ನಿಯಮಿತವಾಗಿ ಓಡಲು ತೊಡಗಿದ ಒಂದೆರಡು ವಾರಗಳಲ್ಲೇ ರಕ್ತದ ದ್ರವಭಾಗವಾದ ಪ್ಲಾಸ್ಮಾದ ಪ್ರಮಾಣ ಹೆಚ್ಚುತ್ತದೆ. ಹೃದಯಕ್ಕೆ ಮರಳುವ ರಕ್ತ ಹೆಚ್ಚಾದಾಗ ಅದು ಒಂದೊಂದು ಬಡಿತದಲ್ಲೂ ಹೆಚ್ಚು ರಕ್ತವನ್ನು ಹೊರದೂಡುತ್ತದೆ. ಹಾಗಾಗಿ ಮೊದಲು ಏದುಸಿರು ತರಿಸುತ್ತಿದ್ದ ಅದೇ ವೇಗದಲ್ಲಿ ಈಗ ನಾಡಿಬಡಿತ ಕಡಿಮೆಯಿರುತ್ತದೆ. ಕೆಂಪು ರಕ್ತಕಣಗಳ ಆಯಸ್ಸು ಸುಮಾರು 120 ದಿನ, ಅವುಗಳ ಒಟ್ಟು ಸಂಖ್ಯೆ ಏರಲು ಹೆಚ್ಚು ಕಾಲ ಬೇಕು. ಅದಕ್ಕಾಗಿಯೇ ಈ ಅವಧಿಯಲ್ಲಿ ರಕ್ತಪರೀಕ್ಷೆ ಮಾಡಿಸಿಕೊಂಡವರಿಗೆ ಹಿಮೋಗ್ಲೋಬಿನ್ ತುಸು ಇಳಿದಂತೆ ಕಾಣುವುದುಂಟು. ಬಹಳ ಸಲ ಅಲ್ಲಿ ಹಿಮೋಗ್ಲೋಬಿನ್ ನಷ್ಟವಾಗಿರುವುದಿಲ್ಲ, ದ್ರವ ಹೆಚ್ಚಾಗಿ ತೆಳುವಾಗಿರುತ್ತದೆ ಅಷ್ಟೆ.

ಎರಡನೆಯ ಬದಲಾವಣೆ ಸ್ನಾಯುವಿನೊಳಗಿನದು. 1967ರಲ್ಲಿ ಸಂಶೋಧಕ ಜಾನ್ ಹೊಲೋಝಿ ಇಲಿಗಳನ್ನು ಹಲವು ವಾರ ಟ್ರೆಡ್‌ಮಿಲ್ ಮೇಲೆ ಓಡಿಸಿ, ಅವುಗಳ ಕಾಲಿನ ಸ್ನಾಯುಗಳಲ್ಲಿ, ಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳ ಆಮ್ಲಜನಕ ಬಳಸುವ ಸಾಮರ್ಥ್ಯ ಸುಮಾರು ಎರಡು ಪಟ್ಟಾದುದನ್ನು ತೋರಿಸಿಕೊಟ್ಟರು. ಮನುಷ್ಯರಲ್ಲೂ ಇದೇ ದಿಕ್ಕಿನ ಬದಲಾವಣೆಯಾಗುತ್ತದೆ. ಮೈಟೊಕಾಂಡ್ರಿಯ ಹೆಚ್ಚಿದ ಸ್ನಾಯು ಅದೇ ವೇಗದಲ್ಲಿ ಹೆಚ್ಚು ಕೊಬ್ಬನ್ನೂ ಕಡಿಮೆ ಗ್ಲೈಕೊಜೆನನ್ನೂ (ದೇಹ ಕೂಡಿಟ್ಟುಕೊಂಡ ಸಕ್ಕರೆ) ಉರಿಸುತ್ತದೆ, ಸಕ್ಕರೆ ಒಡೆಯುವಾಗ ಹುಟ್ಟಿದ ಲ್ಯಾಕ್ಟೇಟನ್ನು ಇಂಧನವಾಗಿ ಬಳಸಿಕೊಳ್ಳುತ್ತದೆ. ಲ್ಯಾಕ್ಟೇಟ್ ಎಂದರೆ ಕಾಲು ನೋಯಿಸುವ ಕಸ ಎಂಬ ನಂಬಿಕೆ ಓಟಗಾರರ ನಡುವೆ ಇನ್ನೂ ಉಳಿದುಕೊಂಡಿದೆಯಾದರೂ, ಅದು ಒಂದು ಸ್ನಾಯುವಿನಿಂದ ಇನ್ನೊಂದಕ್ಕೆ ಮತ್ತು ಹೃದಯಕ್ಕೆ ಸಾಗುವ ಇಂಧನ ಎಂಬುದನ್ನು ಸಂಶೋಧಕ ಜಾರ್ಜ್ ಬ್ರೂಕ್ಸ್ 1980ರ ದಶಕದಿಂದಲೇ ವಾದಿಸುತ್ತ ಬಂದಿದ್ದಾರೆ.

ರಕ್ತ ವಾರಗಳಲ್ಲಿ, ಸ್ನಾಯು ಒಂದೆರಡು ತಿಂಗಳಲ್ಲಿ. ಮೂಳೆ ಮತ್ತು ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳ ಕಥೆ ಬೇರೆಯೇ. ಓಡುವಾಗ ಒಂದು ಕಿಲೋಮೀಟರಿಗೆ ಸುಮಾರು ಸಾವಿರ ಹೆಜ್ಜೆಗಳು ಬೀಳುತ್ತವೆ, ಒಂದೊಂದು ಹೆಜ್ಜೆಯಲ್ಲೂ ನೆಲವು ದೇಹದ ತೂಕದ ಎರಡರಿಂದ ಮೂರು ಪಟ್ಟು ಬಲವನ್ನು ಹಿಂದಿರುಗಿಸುತ್ತದೆ. ಈ ಹೊರೆಗೆ ಮೂಳೆ ತನ್ನನ್ನು ಮರುಕಟ್ಟಿಕೊಳ್ಳುವ ಕ್ರಮದಲ್ಲಿ ಮೊದಲು ನಡೆಯುವುದು ಕೆಡಹುವ ಕೆಲಸ: ಆಸ್ಟಿಯೊಕ್ಲಾಸ್ಟ್ ಎಂಬ ಕೋಶಗಳು ಕೆಲವು ವಾರಗಳಲ್ಲಿ ಹಳೆಯ ಮೂಳೆಯನ್ನು ಕರಗಿಸಿ ತೆಗೆಯುತ್ತವೆ, ಆ ಜಾಗವನ್ನು ಹೊಸ ಮೂಳೆ ತುಂಬಿ ಗಟ್ಟಿಯಾಗಲು ಸುಮಾರು ಮೂರು ತಿಂಗಳು ಹಿಡಿಯುತ್ತದೆ. ನಡುವಿನ ಅವಧಿಯಲ್ಲಿ ಹೊರೆ ಹೊತ್ತ ಜಾಗ ಮೊದಲಿಗಿಂತ ದುರ್ಬಲವಾಗಿರುತ್ತದೆ. ಓಟವನ್ನು ಉತ್ಸಾಹದಿಂದ ಹೆಚ್ಚಿಸಿದ ಮರುದಿನ ಏನೂ ಆಗದೆ, ಕೆಲವು ವಾರಗಳ ನಂತರ ಮೊಣಕಾಲ ಕೆಳಗಿನ ಮೂಳೆಯಲ್ಲಿ ಸಣ್ಣ ಬಿರುಕು ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಸ್ನಾಯುರಜ್ಜು ಇನ್ನೂ ನಿಧಾನಿ. ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಅಕಿಲಿಸ್ ರಜ್ಜುವಿನ ಬಗ್ಗೆ ಡೆನ್ಮಾರ್ಕಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದ ಅತ್ಯಂತ ಜಾಣತನದ ಪ್ರಯೋಗಗಳಲ್ಲಿ ಒಂದೆಂದು ನನಗೆ ಅನ್ನಿಸುತ್ತದೆ. 1950ರ ಮತ್ತು 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ವಿಪರೀತ ಏರಿ, 1963ರ ನಂತರ ಇಳಿಯತೊಡಗಿತು. ಆಹಾರದ ಮೂಲಕ ಅದು ಆ ಕಾಲದ ಎಲ್ಲರ ಮೈಯನ್ನೂ ಸೇರಿತು. ಬೇರೆ ಬೇರೆ ವರ್ಷಗಳಲ್ಲಿ ಹುಟ್ಟಿದವರ ರಜ್ಜುವಿನ ಕಾರ್ಬನ್-14 ಮಟ್ಟವನ್ನು ಅಳೆದರೆ ಆ ಅಂಗಾಂಶ ಯಾವ ಕಾಲದಲ್ಲಿ ತಯಾರಾದದ್ದು ಎಂದು ಲೆಕ್ಕ ಹಾಕಬಹುದು. ಹಾಗೆ ಅಳೆದಾಗ, ರಜ್ಜುವಿನ ನಡುಭಾಗ ಬದುಕಿನ ಮೊದಲ 17 ವರ್ಷಗಳಲ್ಲಿ ರೂಪುಗೊಂಡು ಆಮೇಲೆ ಹೆಚ್ಚುಕಡಿಮೆ ನವೀಕರಣವಾಗುವುದೇ ಇಲ್ಲ ಎಂದು ತಿಳಿದುಬಂತು. ನಲವತ್ತರ ವಯಸ್ಸಿನಲ್ಲಿ ಓಟ ಶುರುಮಾಡಿದವರು ಹದಿಹರೆಯದಲ್ಲಿ ಕಟ್ಟಿಕೊಂಡ ರಜ್ಜುವಿನ ಮೇಲೆಯೇ ಓಡುತ್ತಿರುತ್ತಾರೆ. ಅಭ್ಯಾಸದಿಂದ ರಜ್ಜು ಬಿಗಿಯಾಗುತ್ತದೆ, ಬಲಗೊಳ್ಳುತ್ತದೆ, ನಿಜ. ಆದರೆ ಅದಕ್ಕೆ ತಿಂಗಳುಗಟ್ಟಲೆ ಕಾಲ ಬೇಕು.

ಹವ್ಯಾಸಿಗಳು ಹೆಚ್ಚಾಗಿ ಎಡವುವುದು ಇಲ್ಲಿ. ಆರನೆಯ ವಾರದ ಹೊತ್ತಿಗೆ ಉಸಿರು ಸರಾಗವಾಗಿರುತ್ತದೆ, ಕೈಗಡಿಯಾರ ಕಡಿಮೆ ನಾಡಿಬಡಿತ ತೋರಿಸುತ್ತದೆ, ಇನ್ನೂ ಹೆಚ್ಚು ಓಡಬಲ್ಲೆನೆಂಬ ವಿಶ್ವಾಸ ಬರುತ್ತದೆ. ಆ ವಿಶ್ವಾಸ ಹೃದಯ ಕೊಟ್ಟದ್ದು. ಮೂಳೆ ಮತ್ತು ರಜ್ಜುಗಳು ಇನ್ನೂ ಒಪ್ಪಿಗೆ ಕೊಟ್ಟಿರುವುದಿಲ್ಲ. ಇವುಗಳ ಸ್ಥಿತಿಯನ್ನು ಅಳೆದು ಹೇಳುವ ಕೈಗಡಿಯಾರ ಇನ್ನೂ ಬಂದಿಲ್ಲ ಎಂಬುದೂ ಇದರ ಒಂದು ಭಾಗ.

ವಾರದ ಒಟ್ಟು ದೂರವನ್ನು ಶೇಕಡ 10ಕ್ಕಿಂತ ಹೆಚ್ಚು ಏರಿಸಬಾರದು ಎಂಬ ಪ್ರಸಿದ್ಧ ನಿಯಮ ಈ ಅಪಾಯಕ್ಕೆ ಮದ್ದೆಂದು ಬಹುಕಾಲದಿಂದ ಹೇಳಲಾಗುತ್ತಿದೆ. ನೆದರ್ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ 500ಕ್ಕೂ ಹೆಚ್ಚು ಹೊಸ ಓಟಗಾರರನ್ನು ಎರಡು ಗುಂಪು ಮಾಡಿ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಈ ನಿಯಮ ಪಾಲಿಸಿದ ಗುಂಪಿನಲ್ಲೂ ಪಾಲಿಸದ ಗುಂಪಿನಲ್ಲೂ ಗಾಯಗೊಂಡವರ ಪ್ರಮಾಣ ಸುಮಾರು ಐದರಲ್ಲಿ ಒಂದರಷ್ಟೇ ಇತ್ತು. 2025ರಲ್ಲಿ ಬಂದ, ಐದು ಸಾವಿರಕ್ಕೂ ಹೆಚ್ಚು ಓಟಗಾರರ ಮಾಹಿತಿಯನ್ನು ಆಧರಿಸಿದ ಅಧ್ಯಯನವೊಂದು ಇದಕ್ಕೆ ಒಂದು ವಿವರಣೆಯನ್ನು ಸೂಚಿಸುತ್ತದೆ. ಅದರಲ್ಲಿ ಗಾಯದೊಂದಿಗೆ ನಂಟು ಕಂಡದ್ದು ವಾರದಿಂದ ವಾರಕ್ಕೆ ಆದ ಏರಿಕೆಯದ್ದಲ್ಲ. ಹಿಂದಿನ 30 ದಿನಗಳಲ್ಲಿ ಓಡಿದ ಅತಿ ಉದ್ದದ ಓಟಕ್ಕಿಂತ ಶೇಕಡ 10ಕ್ಕಿಂತ ಹೆಚ್ಚು ದೂರವನ್ನು ಒಂದೇ ಓಟದಲ್ಲಿ ಕ್ರಮಿಸಿದಾಗ ಅಪಾಯ ಏರಿತ್ತು. ಅಂದರೆ ಇಡೀ ವಾರ ಬಿಡುವಿಲ್ಲವೆಂದು ಭಾನುವಾರ ಎಲ್ಲವನ್ನೂ ಒಟ್ಟಿಗೆ ಓಡಿ ಲೆಕ್ಕ ಸರಿಮಾಡುವ ಅಭ್ಯಾಸವೇ ಹೆಚ್ಚು ಅಪಾಯಕಾರಿ. ಉದ್ಯೋಗ, ಮನೆ ಎರಡನ್ನೂ ನಿಭಾಯಿಸುವ ಹವ್ಯಾಸಿಗಳಲ್ಲಿ ಈ ಅಭ್ಯಾಸ ಎಷ್ಟು ಸಾಮಾನ್ಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹಾಗಾಗಿ ವರ್ಷದ ವೇಳಾಪಟ್ಟಿಯನ್ನು ದೇಹದ ಅತಿ ನಿಧಾನದ ಅಂಗಾಂಶ ನಿರ್ಧರಿಸಬೇಕು ಎಂಬುದು ನನ್ನ ವಾದ. ಮೊದಲ ನಾಲ್ಕೈದು ತಿಂಗಳು ಸ್ಪರ್ಧೆಯ ಆತುರವಿಲ್ಲದೆ, ಮಾತನಾಡುತ್ತ ಓಡಬಲ್ಲಷ್ಟು ನಿಧಾನಗತಿಯಲ್ಲಿ ದೂರವನ್ನು ಮೆಲ್ಲನೆ ಬೆಳೆಸುವುದು ಸೋಮಾರಿತನವಲ್ಲ. ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್ 800 ಮೀಟರ್ ಓಟಗಾರರಿಗೂ ವಾರಕ್ಕೆ 160 ಕಿಲೋಮೀಟರಿನಷ್ಟು ಬುನಾದಿ ಓಟ ಓಡಿಸುತ್ತಿದ್ದರು. ಅವರ ಶಿಷ್ಯ ಪೀಟರ್ ಸ್ನೆಲ್ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 800 ಮೀಟರಿನ ಚಿನ್ನ ಗೆದ್ದರು. ಹವ್ಯಾಸಿಗಳು ಅಷ್ಟು ದೂರವನ್ನು ಅನುಕರಿಸಲು ಹೋಗಬಾರದು, ಕ್ರಮವನ್ನು ಮಾತ್ರ ಎರವಲು ಪಡೆಯಬಹುದು. ಉನ್ನತ ಮಟ್ಟದ ಕ್ರೀಡಾಪಟುಗಳ ಅಭ್ಯಾಸದ ದಿನಚರಿಗಳನ್ನು ಪರಿಶೀಲಿಸಿದ ಸಂಶೋಧಕ ಸ್ಟೀಫನ್ ಸೈಲರ್ ಕೂಡ, ಅವರ ಅಭ್ಯಾಸದ ಸುಮಾರು ಶೇಕಡ 80 ಭಾಗ ಹಗುರವಾದದ್ದೆಂದು ಗಮನಿಸಿದ್ದಾರೆ. ಹವ್ಯಾಸಿಗಳು ಬಹುಪಾಲು ಇದಕ್ಕೆ ವಿರುದ್ಧವಾಗಿ, ಪ್ರತಿದಿನವೂ ತುಸು ಕಷ್ಟದ ಒಂದೇ ವೇಗದಲ್ಲಿ ಓಡುತ್ತಾರೆ. ಮೊದಲು 10 ಕಿಲೋಮೀಟರಿನ ಗುರಿ, ವರ್ಷದ ಮಧ್ಯದ ನಂತರ ಹಾಫ್ ಮ್ಯಾರಥಾನ್, ಅದು ಸುಸೂತ್ರವಾಗಿ ಮುಗಿದರಷ್ಟೇ ಮ್ಯಾರಥಾನ್ ಎಂಬ ಅನುಕ್ರಮ ಮೂಳೆಗಳಿಗೆ ಬೇಕಾದ ಕಾಲಾವಕಾಶವನ್ನು ತಾನಾಗಿಯೇ ಒದಗಿಸುತ್ತದೆ.

ಒಂದೇ ಅಭ್ಯಾಸ ಎಲ್ಲರಿಗೂ ಒಂದೇ ಫಲ ಕೊಡುವುದಿಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು. ಹೆರಿಟೇಜ್ ಎಂಬ ದೊಡ್ಡ ಅಧ್ಯಯನದಲ್ಲಿ ನೂರಾರು ಜನರಿಗೆ 20 ವಾರ ಒಂದೇ ಬಗೆಯ ವ್ಯಾಯಾಮ ಮಾಡಿಸಿದಾಗ, ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಕೆಲವರಲ್ಲಿ ಬದಲಾಗಲೇ ಇಲ್ಲ, ಕೆಲವರಲ್ಲಿ ನಿಮಿಷಕ್ಕೆ ಒಂದು ಲೀಟರಿಗಿಂತಲೂ ಹೆಚ್ಚಾಯಿತು. ಈ ವ್ಯತ್ಯಾಸದ ಹೆಚ್ಚುಕಡಿಮೆ ಅರ್ಧ ಭಾಗ ಅನುವಂಶೀಯವೆಂದು ಅಂದಾಜಿಸಲಾಯಿತು. ಗೆಳೆಯರ ಪ್ರಗತಿಯನ್ನು ನೋಡಿ ತಮ್ಮ ಗುರಿಯನ್ನು ತಿದ್ದಿಕೊಳ್ಳುವವರು ನೆನಪಿಡಬೇಕಾದ ಮಾತಿದು.

ಮ್ಯಾರಥಾನ್ ಮಾತ್ರ ಇನ್ನೊಂದು ಮಿತಿಯನ್ನೂ ಎದುರಿಗಿಡುತ್ತದೆ. ಓಡಲು ತಗಲುವ ಶಕ್ತಿ ದೇಹದ ಪ್ರತಿ ಕಿಲೋಗ್ರಾಮಿಗೆ, ಪ್ರತಿ ಕಿಲೋಮೀಟರಿಗೆ ಸುಮಾರು ಒಂದು ಕಿಲೋಕ್ಯಾಲರಿ. 70 ಕಿಲೋ ತೂಕದವರಿಗೆ 42.195 ಕಿಲೋಮೀಟರಿಗೆ ಇದು 2,900ಕ್ಕೂ ಹೆಚ್ಚಾಗುತ್ತದೆ. ಸ್ನಾಯು ಮತ್ತು ಯಕೃತ್ತಿನಲ್ಲಿರುವ ಗ್ಲೈಕೊಜೆನ್ ಕೊಡುವುದು ಸುಮಾರು 2,000 ಮಾತ್ರ. ಉಳಿದದ್ದು ಕೊಬ್ಬಿನಿಂದ ಮತ್ತು ಓಡುತ್ತ ಸೇವಿಸುವ ಸಕ್ಕರೆಯಿಂದ ಬರಬೇಕು. ಆರಂಭದಲ್ಲಿ ಅತಿವೇಗವಾಗಿ ಓಡಿ ಗ್ಲೈಕೊಜೆನನ್ನು ಬೇಗ ಕರಗಿಸಿದವರಿಗೆ 30 ಕಿಲೋಮೀಟರ್ ಆಸುಪಾಸಿನಲ್ಲಿ ಕಾಲು ಏಳದಂತಾಗುತ್ತದೆ. ಸ್ವೀಡನ್ನಿನ ಯೋನಾಸ್ ಬರ್ಗ್‌ಸ್ಟ್ರೋಮ್ ಮತ್ತು ಎರಿಕ್ ಹುಲ್ಟ್‌ಮನ್ 1966ರಲ್ಲಿ ತಮ್ಮ ಮೇಲೆಯೇ ಇದನ್ನು ಪರೀಕ್ಷಿಸಿಕೊಂಡರು: ಒಂದೇ ಸೈಕಲ್ಲನ್ನು ಇಬ್ಬರೂ ಒಂದೊಂದು ಕಾಲಿನಿಂದ ದಣಿಯುವವರೆಗೆ ತುಳಿದು, ನಂತರ ಮೂರು ದಿನ ಕಾರ್ಬೊಹೈಡ್ರೇಟ್ ಹೇರಳವಾಗಿರುವ ಆಹಾರ ತಿಂದರು. ದಣಿದ ಕಾಲಿನಲ್ಲಿ ಗ್ಲೈಕೊಜೆನ್ ಸಂಗ್ರಹ ಇನ್ನೊಂದು ಕಾಲಿನ ಸುಮಾರು ಎರಡು ಪಟ್ಟಾಗಿತ್ತು. ಓಟದ ಹಿಂದಿನ ದಿನಗಳಲ್ಲಿ ಹೀಗೆ ಸಂಗ್ರಹ ತುಂಬಿಕೊಳ್ಳುವಾಗ ಒಂದು ಗ್ರಾಂ ಗ್ಲೈಕೊಜೆನ್ ಜೊತೆಗೆ ಸುಮಾರು ಮೂರು ಗ್ರಾಂ ನೀರೂ ಸೇರುವುದರಿಂದ ತೂಕ ತುಸು ಏರುತ್ತದೆ. ಅದನ್ನು ಕಂಡು ಗಾಬರಿಯಾಗಿ ಊಟ ಕಡಿಮೆ ಮಾಡುವುದು ಅವಿವೇಕ.

ಸ್ಪರ್ಧೆಗೆ ಮುಂಚಿನ ಎರಡು ವಾರ ಓಟವನ್ನು ಇಳಿಸುವ ಟೇಪರ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ವೇಗವನ್ನು ಹಾಗೆಯೇ ಉಳಿಸಿಕೊಂಡು ದೂರವನ್ನು ಸುಮಾರು ಅರ್ಧಕ್ಕೆ ಇಳಿಸಿದಾಗ ಶೇಕಡ 2ರಿಂದ 3ರಷ್ಟು ಸುಧಾರಣೆ ಸಾಮಾನ್ಯವಾಗಿ ಸಿಗುತ್ತದೆ. ನಾಲ್ಕು ಗಂಟೆಯ ಮ್ಯಾರಥಾನಿನಲ್ಲಿ ಶೇಕಡ 2 ಎಂದರೆ ಸುಮಾರು ಐದು ನಿಮಿಷ.

ಗುರಿ ಮುಟ್ಟಿದ ಮೇಲೆ ಬಿಡುವು ತೆಗೆದುಕೊಂಡರೆ ಗಳಿಸಿದ್ದೆಲ್ಲ ಹೋಗುತ್ತದೆ ಎಂಬ ಭಯ ಅನೇಕರಿಗಿದೆ. ಸಂಶೋಧಕ ಎಡ್ವರ್ಡ್ ಕಾಯ್ಲ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಠಿಣ ಅಭ್ಯಾಸವನ್ನು ಪೂರ್ತಿ ನಿಲ್ಲಿಸಿದವರ ಆಮ್ಲಜನಕ ಬಳಕೆಯ ಗರಿಷ್ಠ ಸಾಮರ್ಥ್ಯ ಮೊದಲ ಮೂರು ವಾರಗಳಲ್ಲಿ ಶೇಕಡ 7ರಷ್ಟು ಇಳಿದು, ಎಂಟು ವಾರಗಳ ಹೊತ್ತಿಗೆ ಶೇಕಡ 16ರಷ್ಟು ಇಳಿಕೆಯಲ್ಲಿ ನಿಂತಿತು. ಸ್ನಾಯುವಿನಲ್ಲಿ ಬೆಳೆದಿದ್ದ ಸೂಕ್ಷ್ಮ ರಕ್ತನಾಳಗಳ ದಟ್ಟಣೆ ಮಾತ್ರ ಕಡಿಮೆಯಾಗಿರಲಿಲ್ಲ. ಹೀಗೆ ಬಿಡುವಿನಲ್ಲೂ ಮೊದಲು ಹೋಗುವುದು ಮೊದಲು ಬಂದ ಪ್ಲಾಸ್ಮಾವೇ, ಮರಳಿ ಓಡತೊಡಗಿದಾಗ ಮೊದಲು ಹಿಂತಿರುಗುವುದೂ ಅದೇ. ಉಸಿರು ಬೇಗ ಸುಧಾರಿಸಿತೆಂದು ಹಳೆಯ ದೂರಕ್ಕೆ ಒಮ್ಮೆಲೇ ಹಾರುವ ಆಸೆ ಆಗಲೂ ಬರುತ್ತದೆ. ಬಿಡುವಿನ ನಂತರದ ಉದ್ದ ಓಟವನ್ನು ಹಿಂದಿನ ಮ್ಯಾರಥಾನಿನ ನೆನಪಿನಿಂದ ಅಳೆಯದೆ, ಕಳೆದ 30 ದಿನಗಳಲ್ಲಿ ನಿಜಕ್ಕೂ ಓಡಿದ ದೂರದಿಂದಲೇ ಅಳೆಯಬೇಕಾಗುತ್ತದೆ.