ಓಟಿಗೆ ನಿಂತ ಮೇಲೆ ಒಳ್ಳೆಯ ಹೆಸರಿಗೆ ಏನಾಗುತ್ತದೆ?

ಉಡುಪಿ ಕಡೆಯ ಯಾವುದೇ ದೇವಸ್ಥಾನದ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆ ಬಿಡಿಸಿ ನೋಡಿ. ಗೌರವಾಧ್ಯಕ್ಷರು ಎಂಬಲ್ಲಿ ಊರಿನ ಡಾಕ್ಟರು, ಸಹಕಾರಿ ಸಂಘದ ಅಧ್ಯಕ್ಷರು, ನಿವೃತ್ತ ಹೆಡ್ಮಾಸ್ಟರು ಇದ್ದೇ ಇರುತ್ತಾರೆ. ಯಾವ ಪಕ್ಷದವರಾದರೂ ಎದ್ದು ನಿಂತು ಕುರ್ಚಿ ಬಿಟ್ಟುಕೊಡುವಷ್ಟು ಮರ್ಯಾದೆ ಅವರಿಗೆ. ಅವರಲ್ಲೊಬ್ಬರು ವಿಧಾನಸಭೆಗೆ ನಿಂತರು ಅನ್ನಿ. ನಾಮಪತ್ರ ಸಲ್ಲಿಸಿದ ಮರುದಿನವೇ ಅವರ ಸಾಲ, ಹೆಂಡತಿಯ ಮೈಮೇಲಿನ ಚಿನ್ನ, ಯಾವುದೋ ಹಳೇ ಕೇಸು ಎಲ್ಲವೂ ಪೇಪರಿನಲ್ಲಿ. "ಇಷ್ಟು ಆಸ್ತಿ ಎಲ್ಲಿಂದ ಬಂತು ಮಾರಾಯ್ರೆ?" ಎಂಬ ಮಾತು ಹೋಟೆಲಿನಲ್ಲಿ ಚಾ ಬರುವ ಮೊದಲೇ ಬರುತ್ತದೆ.

ಆಸ್ತಿ, ಕೇಸುಗಳ ವಿವರ ಹೊರಬರುವುದು 2002 ಮತ್ತು 2003ರ ಸುಪ್ರೀಂ ಕೋರ್ಟ್ ತೀರ್ಪುಗಳ ಫಲ. ಅದು ಒಳ್ಳೆಯದೇ ಆಯಿತು. ಆದರೆ ಹೆಸರು ಕೆಡುವುದಕ್ಕೆ ಅದೊಂದೇ ಕಾರಣವಲ್ಲ. ಅದೇ ಮನುಷ್ಯನನ್ನು ನಾವು ಅಳೆಯುವ ರೀತಿಯೇ ಬದಲಾಗಿರುತ್ತದೆ. ಇಷ್ಟು ದಿನ ಅವರ ಕೆಲಸ ನೋಡುತ್ತಿದ್ದೆವು, ಈಗ ಅವರ ನಿಯತ್ತು ನೋಡುತ್ತೇವೆ. ಮನಶ್ಶಾಸ್ತ್ರಜ್ಞರಾದ ಸ್ಕೊರೊನ್‌ಸ್ಕಿ ಮತ್ತು ಕಾರ್ಲ್‌ಸ್ಟನ್ 1980ರ ದಶಕದಲ್ಲಿ ಒಂದು ಸಂಗತಿ ತೋರಿಸಿಕೊಟ್ಟರು. ಸಾಮರ್ಥ್ಯವನ್ನು ಅಳೆಯುವಾಗ ನಮ್ಮ ಮನಸ್ಸು ಗೆಲುವಿಗೆ ಹೆಚ್ಚು ತೂಕ ಕೊಡುತ್ತದೆ, ಪ್ರಾಮಾಣಿಕತೆಯನ್ನು ಅಳೆಯುವಾಗ ತಪ್ಪಿಗೆ. ಕಷ್ಟದ ಆಪರೇಷನ್ ಒಂದನ್ನು ಗೆದ್ದ ಡಾಕ್ಟರು ಜಾಣರೇ. ನೂರು ಸಲ ಸರಿಯಾದ ಲೆಕ್ಕ ಕೊಟ್ಟವರು ಒಂದು ಸಲ ಸುಳ್ಳು ಲೆಕ್ಕ ಬರೆದರೆ ಮಾತ್ರ ಆ ನೂರೂ ಹೋಯಿತು.

ಇದಕ್ಕೆ ದೊಡ್ಡ ಉದಾಹರಣೆ ಅಮೆರಿಕದ ಹಿಲರಿ ಕ್ಲಿಂಟನ್. 2009ರಿಂದ 2013ರವರೆಗೆ ವಿದೇಶಾಂಗ ಸಚಿವೆಯಾಗಿದ್ದಾಗ ಗ್ಯಾಲಪ್ ಸಮೀಕ್ಷೆಗಳಲ್ಲಿ ಶೇ. 60ಕ್ಕೂ ಹೆಚ್ಚು ಜನ ಅವರ ಬಗ್ಗೆ ಒಳ್ಳೆಯ ಅಭಿಪ್ರಾಯ ಹೇಳುತ್ತಿದ್ದರು. ಅಧ್ಯಕ್ಷ ಹುದ್ದೆಗೆ ಸ್ಪರ್ಧಿಸಿ ಸೋತ ಮರುವರ್ಷ, 2017ರ ಕೊನೆಗೆ, ಅದು ಶೇ. 36ಕ್ಕೆ ಇಳಿದಿತ್ತು. ಸಚಿವೆಯಾಗಿದ್ದಾಗ ಸರಕಾರಿ ಕೆಲಸಕ್ಕೆ ಖಾಸಗಿ ಇ-ಮೇಲ್ ಸರ್ವರ್ ಬಳಸಿದ ವಿವಾದದ ಪಾಲು ಇದರಲ್ಲಿ ಇದ್ದೇ ಇದೆ. ಆದರೆ ಒಕಿಮೊಟೊ ಮತ್ತು ಬ್ರೆಸ್ಕಾಲ್ 2010ರಲ್ಲಿ ಪ್ರಕಟಿಸಿದ ಅಧ್ಯಯನವನ್ನೂ ಜತೆಗಿಟ್ಟು ನೋಡಬೇಕು. ಕಾಲ್ಪನಿಕ ರಾಜಕಾರಣಿಯೊಬ್ಬರಿಗೆ ಅಧಿಕಾರದ ಆಸೆಯಿದೆ ಎಂದು ತೋರಿದಾಗ, ಅದು ಹೆಂಗಸಾಗಿದ್ದರೆ ಓದಿದವರ ಒಲವು ತಗ್ಗಿತು, ಗಂಡಸಾಗಿದ್ದರೆ ತಗ್ಗಲಿಲ್ಲ. ನಮ್ಮ ಕಡೆ ಪಂಚಾಯತಿಯಲ್ಲಿ ಚೆನ್ನಾಗಿ ಕೆಲಸ ಮಾಡಿದ ಹೆಂಗಸರು ವಿಧಾನಸಭೆಯ ಟಿಕೆಟ್ ಕೇಳಿದ ಕೂಡಲೇ "ಅವರಿಗೂ ಆಸೆ ಜಾಸ್ತಿಯಾಯಿತು" ಎಂದು ಕೇಳಬೇಕಾಗುತ್ತದೆ. ನನಗೆ ಇದು ತೀರಾ ಅನ್ಯಾಯವಾಗಿ ಕಾಣುತ್ತದೆ.

ಇನ್ನು ಗಾಳಿಸುದ್ದಿ. 1981ರಲ್ಲಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಕಲ್ಪಿತ ಅಭ್ಯರ್ಥಿಗಳ ಬಗ್ಗೆ ಪತ್ರಿಕೆಯ ತಲೆಬರಹಗಳನ್ನು ಬರೆದು ಜನರಿಗೆ ಓದಿಸಿದರು. ಕೆಲವು ನೇರ ಆರೋಪ, ಕೆಲವು ಬರೀ ಪ್ರಶ್ನೆ: ಇವರಿಗೆ ಮಾಫಿಯಾ ನಂಟಿದೆಯೇ? ಮತ್ತೆ ಕೆಲವು ನಂಟಿಲ್ಲ ಎನ್ನುವಂಥವು. ಪ್ರಶ್ನೆಯ ರೂಪದ ತಲೆಬರಹ ಹೆಚ್ಚುಕಡಿಮೆ ನೇರ ಆರೋಪದಷ್ಟೇ ಹೆಸರು ಕೆಡಿಸಿತು. "ನಂಟಿಲ್ಲ" ಎಂದು ಓದಿದವರಲ್ಲೂ ಸ್ವಲ್ಪ ಮಸಿ ಉಳಿಯಿತು. ವಾಟ್ಸ್ಆ್ಯಪ್ ಗುಂಪಿಗೆ "ಹೌದಾ ಇದು?" ಎಂದು ಫಾರ್ವರ್ಡ್ ಮಾಡಿ, ತಾನೇನೂ ಹೇಳಿಲ್ಲವಲ್ಲ ಎಂದುಕೊಳ್ಳುವವರು ಇದನ್ನು ತಿಳಿದಿರಬೇಕು. ಪ್ರಶ್ನೆ ಕೇಳಿದ್ದರಿಂದಲೇ ಹಾನಿ ಆಗಿಹೋಗಿರುತ್ತದೆ.

ನಿಂತವರ ಹೆಸರೆಲ್ಲ ಕೆಡುತ್ತದೆ ಎಂದೇನಿಲ್ಲ. ಕೋಟದ ಶಿವರಾಮ ಕಾರಂತರು 1989ರಲ್ಲಿ, 87ನೇ ವಯಸ್ಸಿನಲ್ಲಿ, ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ಜ್ಞಾನಪೀಠ ಬಂದಿದ್ದರೂ ಆ ಗೌರವ ಓಟಾಗಲಿಲ್ಲ. ಸೋಲಿನಿಂದ ಗೌರವ ಇಳಿಯಲೂ ಇಲ್ಲ. ಅವರಿಗೆ ಬೇಕಾದದ್ದು ಕುರ್ಚಿಯಲ್ಲ ಎಂಬುದರಲ್ಲಿ ಅವರ ಮಾತನ್ನು ಒಪ್ಪದವರಿಗೂ ಅನುಮಾನವಿರಲಿಲ್ಲ, ಅದಕ್ಕೇ ಹಾಗಾಯಿತು ಎಂಬುದು ನನ್ನ ಅಂದಾಜು.

ಸುಳ್ಳು ಆರೋಪ ಹೊತ್ತವರು ಮಾಡಬಹುದಾದದ್ದೂ ಒಂದಿದೆ. ಜಾನ್ಸನ್ ಮತ್ತು ಸೈಫರ್ಟ್ 1994ರ ಪ್ರಯೋಗದಲ್ಲಿ ಗೋದಾಮಿನ ಬೆಂಕಿಯ ಕತೆಯೊಂದನ್ನು ಓದಿಸಿದರು. ಮೊದಲು ಪೇಂಟ್ ಡಬ್ಬಿ, ಗ್ಯಾಸ್ ಸಿಲಿಂಡರ್ ಅಲ್ಲಿದ್ದವು ಎಂದರು, ಆಮೇಲೆ ಇರಲಿಲ್ಲ ಎಂದರು. ಆದರೂ ಓದಿದವರು ಬೆಂಕಿಗೆ ಅವನ್ನೇ ಕಾರಣ ಮಾಡುತ್ತಿದ್ದರು. ಯಾರೋ ಬೇಕೆಂದೇ ಬೆಂಕಿ ಹಚ್ಚಿದ ಕುರುಹು ಸಿಕ್ಕಿತು ಎಂದ ಮೇಲೆ ಹಾಗೆ ಹೇಳುವುದು ಕಡಿಮೆಯಾಯಿತು. ಅಂದರೆ "ಸಂಘದ ದುಡ್ಡು ನಾನು ತಿಂದಿಲ್ಲ" ಎಂದು ಮೈಕಿನಲ್ಲಿ ಕೂಗಿದರೆ ಸಾಲದು. ಆ ದುಡ್ಡು ಯಾವ ಖಾತೆಗೆ, ಯಾವ ತಾರೀಕಿಗೆ, ಯಾತಕ್ಕೆ ಹೋಯಿತು ಎಂಬುದನ್ನು ಜನರೆದುರು ಬಿಡಿಸಿಡಬೇಕು.