ಪವರ್ ಏರಿಸುವ ಮೊದಲು ಧಾರೆ ಎಲ್ಲಿಗೆ ಬೀಳುತ್ತಿದೆ ನೋಡಿ

ಸಸ್ಪೆನ್ಷನ್ ಪ್ಲಾಸ್ಮಾ ಸ್ಪ್ರೇ ಅಂದರೆ ನುಣ್ಣನೆಯ ಪುಡಿ ಬೆರೆಸಿದ ದ್ರವದ ಧಾರೆಯನ್ನು ಟಾರ್ಚ್‌ನಿಂದ ಹೊಮ್ಮುವ ಪ್ಲಾಸ್ಮಾಗೆ, ಅಂದರೆ ವಿಪರೀತ ಬಿಸಿಯಾದ ಅನಿಲಕ್ಕೆ ಬಿಟ್ಟು, ಕರಗಿದ ಪುಡಿಯನ್ನು ವಸ್ತುವಿನ ಮೇಲೆ ಕೋಟಿಂಗ್ ಆಗಿ ಕೂರಿಸುವ ವಿಧಾನ. ಇದರಲ್ಲಿ ಕೋಟಿಂಗ್ ಪುಡಿಪುಡಿಯಾಗಿ ಉದುರಿದರೆ ಎಲ್ಲರೂ ಕೇಳೋದು ಒಂದೇ: "ಟಾರ್ಚ್ ಪವರ್ ಎಷ್ಟು ಜಾಸ್ತಿ ಮಾಡಲಿ?" ದಯವಿಟ್ಟು ಸದ್ಯಕ್ಕೆ ಅದನ್ನು ಮುಟ್ಟಬೇಡಿ.

ಪ್ಲಾಸ್ಮಾದ ನಡುಭಾಗದಲ್ಲಿ ಬಿಸಿ 10,000 ಡಿಗ್ರಿ ದಾಟಿರುತ್ತದೆ. ಅಂಚು ಹಾಗಲ್ಲ. ಅಲ್ಲಿ ಸುತ್ತಲಿನ ಗಾಳಿ ಬೆರೆತು ಬೇಗ ತಣಿಯುತ್ತದೆ. ಪಕ್ಕದಿಂದ ಬಿಟ್ಟ ಧಾರೆಗೆ ರಭಸ ಸಾಲದಿದ್ದರೆ ಅದು ನಡುಭಾಗ ಮುಟ್ಟುವುದೇ ಇಲ್ಲ. ಅಂಚಿನಲ್ಲೇ ಒಡೆದು ಹನಿಯಾಗುತ್ತದೆ, ದ್ರವ ಆವಿಯಾಗುತ್ತದೆ, ಒಳಗಿನ ಪುಡಿ ಕರಗದೆ ಹಾಗೇ ಹೋಗಿ ಕೂರುತ್ತದೆ. ಬೆರಳಿಗೆ ಅಂಟುವ ಬಿಳಿ ಪುಡಿ ಅದೇ. ಪವರ್ ಏರಿಸಿದರೆ ಪ್ಲಾಸ್ಮಾದ ವೇಗವೂ ಏರುತ್ತದೆ, ಧಾರೆ ಒಳಗೆ ನುಗ್ಗೋದು ಇನ್ನೂ ಕಷ್ಟವಾಗಬಹುದು. ಹಾಗಂತ ಧಾರೆಯ ಒತ್ತಡವನ್ನು ಸಿಕ್ಕಾಪಟ್ಟೆ ಏರಿಸಿದರೆ ಧಾರೆ ಆಚೆ ಬದಿಗೆ ತೂರಿಹೋಗುತ್ತದೆ. ಧಾರೆ ಬಿಡುವ ನಾಜಲ್ ತುದಿಯನ್ನೂ ನೋಡಿ. ತೂತೇ 0.2 ಮಿ.ಮೀ. ಆಸುಪಾಸು ಇರುತ್ತದೆ. ಅಲ್ಲಿ ಒಣಗಿದ ಹಕ್ಕಳೆ ಒಂಚೂರು ಕೂತರೂ ಧಾರೆ ಸೊಟ್ಟಗಾಗುತ್ತದೆ.

ಒಬ್ಬರು ಬೆಂಕಿಯ ಭಯಕ್ಕೆ, ಪುಡಿ ಬೆರೆಸುವ ದ್ರವವಾಗಿ ಎಥನಾಲ್ ಬಿಟ್ಟು ನೀರಿಗೆ ಬದಲಾದರು. ಒಳ್ಳೆಯ ನಿರ್ಧಾರವೇ. ಆದರೆ ಬೇರೆ ಯಾವ ಸೆಟ್ಟಿಂಗನ್ನೂ ಬದಲಿಸಲಿಲ್ಲ. ಒಂದು ಕೆ.ಜಿ. ನೀರು ಆವಿಯಾಗಲು ಸುಮಾರು 2.26 ಮೆಗಾಜೂಲ್ ಬೇಕು, ಎಥನಾಲ್‌ಗೆ 0.84 ಸಾಕು. ಎಥನಾಲ್ ಉರಿದು ತಾನೂ ಒಂದಿಷ್ಟು ಶಾಖ ಕೊಡುತ್ತದೆ. ನೀರಿನ ಮೇಲ್ಮೈ ಸೆಳೆತ ಮೂರು ಪಟ್ಟು ಜಾಸ್ತಿ, ಹಾಗಾಗಿ ಅದು ಸಣ್ಣ ಹನಿಗಳಾಗಿ ಸುಲಭಕ್ಕೆ ಒಡೆಯೋದಿಲ್ಲ. ಸುಮ್ನೆ ಡಬ್ಬ ಬದಲಿಸಿದರೆ ಆಗಲ್ಲ, ಅಲ್ವಾ? ಹರಿವು ಇಳಿಸಿ, ಧಾರೆಯನ್ನು ಹೊಸದಾಗಿ ಹೊಂದಿಸಿದ ಮೇಲೆ ಅವರ ಕೋಟಿಂಗ್ ನಿಂತಿತು. ಎಲ್ಲರಿಗೂ ಇದೇ ಮದ್ದು ಅಂತ ಹೇಳಲಾರೆ. ಟಾರ್ಚ್ ಬೇರೆಯಾದರೆ ಲೆಕ್ಕವೂ ಬೇರೆ.

ಹನಿಯ ಗಾತ್ರದ ಪರಿಣಾಮ ಕೋಟಿಂಗ್‌ನ ಒಳರಚನೆಯಲ್ಲೂ ಕಾಣುತ್ತದೆ. ಸಣ್ಣ ಹನಿಯಿಂದ ಬಂದ ಸಣ್ಣ ಕಣ ಮೇಲ್ಮೈ ಹತ್ತಿರ ಅನಿಲದ ಜೊತೆಗೇ ಪಕ್ಕಕ್ಕೆ ತಿರುಗುತ್ತದೆ. ಉಬ್ಬಿದ ಜಾಗಗಳಿಗೆ ಓರೆಯಾಗಿ ಬಡಿದು ಅಲ್ಲೇ ಕೂರುತ್ತದೆ. ಉಬ್ಬಿನ ಮರೆಯಲ್ಲಿದ್ದ ಜಾಗ ಖಾಲಿ ಉಳಿಯುತ್ತದೆ. ಹೀಗೆ ಕಂಬಗಳು ಬೆಳೆಯುತ್ತವೆ. ಮೈಕ್ರೋಸ್ಕೋಪಿನಲ್ಲಿ ಅವುಗಳ ತಲೆ ಥೇಟ್ ಹೂಕೋಸು. ಟರ್ಬೈನ್ ಬ್ಲೇಡಿನ ಶಾಖತಡೆ ಕೋಟಿಂಗ್‌ಗೆ ಇದೇ ಬೇಕು, ಲೋಹ ಹಿಗ್ಗಿದಾಗ ಕಂಬಗಳ ನಡುವಿನ ಸಂದು ಅದನ್ನು ತಾಳಿಕೊಳ್ಳುತ್ತದೆ. ದಪ್ಪ ಹನಿಯಿಂದ ಬಂದ ದಪ್ಪ ಕಣ ತಿರುಗದೆ ನೇರ ಬಂದು ಬಡಿಯುತ್ತದೆ. ಆಗ ಕಂಬದ ಬದಲು ಒತ್ತಾದ ಪದರ ಸಿಗೋದೇ ಹೆಚ್ಚು.