ಶುಂಠಿ ಮತ್ತು ನ್ಯೂಟ್ರೋಫಿಲ್: ಎಚ್ಚರಿಸುವುದೋ, ತಣಿಸುವುದೋ?

"ಶುಂಠಿ ತಿಂದರೆ ಇಮ್ಯುನಿಟಿ ಹೆಚ್ಚುತ್ತದೆ" ಎನ್ನುವ ಮಾತು ಕೇಳಿಯೇ ಇರುತ್ತೀರಿ. ಆದರೆ ಹೆಚ್ಚುವುದು ಏನು? ಯಾವ ಕಣದಲ್ಲಿ? ಇದನ್ನು ಕೇಳಿಕೊಳ್ಳದೆ ಓದಿದರೆ ಈ ವಿಷಯ ತಲೆಗೆ ಹತ್ತುವುದಿಲ್ಲ. ಅದಕ್ಕೇ ಇಲ್ಲಿ ಒಂದೇ ಕಣವನ್ನು ಹಿಡಿದುಕೊಂಡಿದ್ದೇನೆ: ನ್ಯೂಟ್ರೋಫಿಲ್.

ದೊಡ್ಡವರ ಬಿಳಿ ರಕ್ತಕಣಗಳಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಜಾಸ್ತಿ ಇವೇ. ಬ್ಯಾಕ್ಟೀರಿಯಾ ನುಗ್ಗಿದ ಕಡೆಗೆ ಮೊದಲು ಓಡುವುದೂ ಇವೇ. ಇವುಗಳ ಆಯುಧಗಳಲ್ಲಿ ಎರಡನ್ನು ನೆನಪಿಡಿ. ಒಂದು, ಆಮ್ಲಜನಕದಿಂದ ಮಾಡಿದ, ಸಿಕ್ಕಿದ್ದನ್ನು ಸುಡುವಂಥ ಚುರುಕು ಅಣುಗಳು. ಇನ್ನೊಂದು, ತನ್ನದೇ ಡಿಎನ್‌ಎಯನ್ನು ಬಲೆಯಂತೆ ಹೊರಗೆ ಬೀಸುವುದು. ಈ ಬಲೆಗೆ 'ನೆಟ್' ಎಂದೇ ಹೆಸರು. ಇದು ಬೆಳಕಿಗೆ ಬಂದದ್ದು 2004ರಲ್ಲಿ.

ಈಗ ಶುಂಠಿ. ಹಸಿ ಶುಂಠಿಯ ಖಾರಕ್ಕೆ ಮುಖ್ಯ ಕಾರಣ 6-ಜಿಂಜರಾಲ್. ಒಣಗಿದಾಗ ಅದು ನೀರಿನ ಒಂದು ಅಣು ಕಳೆದುಕೊಂಡು ಶೋಗಾಲ್ ಆಗುತ್ತದೆ. ಮೆಣಸಿನಕಾಯಿಯ ಖಾರವನ್ನು ನಮ್ಮ ನರಗಳು ಗುರುತಿಸುವುದು ಟಿಆರ್‌ಪಿವಿ1 ಎಂಬ ಪ್ರೋಟೀನಿನಿಂದ. ಇದರ ಜೀನನ್ನು 1997ರಲ್ಲಿ ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಸಿಕ್ಕಿತು. ಜಿಂಜರಾಲ್ ತಟ್ಟುವುದೂ ಇದೇ ಬಾಗಿಲನ್ನು. ನನಗೆ ತುಂಬಾ ಹಿಡಿಸಿದ ವಿಷಯ ಅಂದರೆ, ಈ ಬಾಗಿಲು ನ್ಯೂಟ್ರೋಫಿಲ್ ಮೇಲೂ ಇದೆ!

2023ರಲ್ಲಿ ಜರ್ಮನಿಯ ಮ್ಯೂನಿಕ್ ಬಳಿಯ ಲೈಬ್ನಿಟ್ಸ್ ಸಂಸ್ಥೆಯ ತಂಡ ಇದನ್ನೇ ತೋರಿಸಿತು. ಒಂದು ಲೀಟರ್ ಶುಂಠಿ ಟೀ ಕುಡಿದ ಅರ್ಧದಿಂದ ಒಂದು ಗಂಟೆಯೊಳಗೆ ರಕ್ತದಲ್ಲಿ ಲೀಟರಿಗೆ 7ರಿಂದ 17 ಮೈಕ್ರೋಗ್ರಾಂ ಜಿಂಜರಾಲ್ ಸಿಕ್ಕಿತ್ತು. ಪ್ರಯೋಗಾಲಯದಲ್ಲಿ ಹೆಚ್ಚುಕಡಿಮೆ ಅಷ್ಟೇ, ಅಂದರೆ 15 ಮೈಕ್ರೋಗ್ರಾಂ ಮಟ್ಟದಲ್ಲಿ ನ್ಯೂಟ್ರೋಫಿಲ್‌ಗಳಿಗೆ ಕೊಟ್ಟರು. ಆಮೇಲೆ ಬ್ಯಾಕ್ಟೀರಿಯಾ ಬಂದಂತೆ ಸುಳಿವು ಕೊಡುವ ಪೆಪ್ಟೈಡ್ (ಪ್ರೋಟೀನಿನ ಪುಟ್ಟ ತುಣುಕು) ಸೇರಿಸಿದಾಗ, ಸುಡುವ ಅಣುಗಳು ಸುಮಾರು 30% ಜಾಸ್ತಿ ಬಂದವು. ಅಂದರೆ ಕಣ ಎಚ್ಚರವಾಯಿತು.

ಅದೇ ವರ್ಷ ಅಮೆರಿಕದ ಕೊಲರಾಡೊ ಮತ್ತು ಮಿಷಿಗನ್ ತಂಡ ಬೇರೆಯದೇ ಚಿತ್ರ ಕೊಟ್ಟಿತು. 9 ಆರೋಗ್ಯವಂತರು 7 ದಿನ, ದಿನಕ್ಕೆ 20 ಮಿಲಿಗ್ರಾಂ ಜಿಂಜರಾಲ್ ಇರುವ ಶುಂಠಿ ಸಾರದ ಮಾತ್ರೆ ತೆಗೆದುಕೊಂಡರು. ಅವರ ನ್ಯೂಟ್ರೋಫಿಲ್‌ಗಳನ್ನು ಕೆರಳಿಸಿದರೂ ಅವು ಬಲೆ ಬೀಸುವುದು ಕಡಿಮೆಯಾಗಿತ್ತು. ಕಾರಣ ಸೈಕ್ಲಿಕ್ ಎಎಂಪಿ, ಅಂದರೆ ಕಣದೊಳಗೆ ಸಂದೇಶ ಒಯ್ಯುವ ಒಂದು ಪುಟ್ಟ ಅಣು. ಕಣದೊಳಗೆ ಇದನ್ನು ಒಡೆಯುವ ಫಾಸ್ಫೊಡೈಎಸ್ಟರೇಸ್ ಕಿಣ್ವವನ್ನು ಶುಂಠಿ ತಡೆಯುತ್ತದೆ. ಆಗ ಸೈಕ್ಲಿಕ್ ಎಎಂಪಿ ಏರುತ್ತದೆ, ಕಣ ತಣಿಯುತ್ತದೆ. ರೋಗನಿರೋಧಕ ವ್ಯವಸ್ಥೆ ದೇಹದ ಮೇಲೇ ತಿರುಗಿಬೀಳುವ ಲೂಪಸ್‌ನಂಥ ಕಾಯಿಲೆಗಳಲ್ಲಿ ಈ ಬಲೆಗಳೇ ಅತಿಯಾಗಿ ದೇಹಕ್ಕೆ ಪೆಟ್ಟು ಕೊಡುವುದರಿಂದ ಇದು ಸಣ್ಣ ಮಾತಲ್ಲ.

ಹಾಗಾದರೆ ಎರಡಕ್ಕೂ ತಾಳೆ ಇಲ್ಲ ಅಲ್ವಾ? ಸರಿಯಾಗಿ ನೋಡಿ. ಒಬ್ಬರು ಅಳೆದದ್ದು ಸುಡುವ ಅಣು, ಅದೂ ದೇಹದ ಹೊರಗೆ, ಜಿಂಜರಾಲ್ ಒಂದನ್ನೇ ಕೊಟ್ಟು. ಇನ್ನೊಬ್ಬರು ಅಳೆದದ್ದು ಬಲೆ, ಅದೂ ಒಂದು ವಾರ ಇಡೀ ಶುಂಠಿಯ ಸಾರ ತಿಂದವರ ಕಣಗಳಲ್ಲಿ. ದಾರಿ ಬೇರೆ, ಅಳತೆ ಬೇರೆ. ನನ್ನ ಪ್ರಕಾರ ಪರೀಕ್ಷೆಯಲ್ಲಿ "ಹೆಚ್ಚಿಸುತ್ತದೆ" ಎಂದಷ್ಟೇ ಬರೆದರೆ ಉತ್ತರ ಅರ್ಧಕ್ಕೇ ನಿಲ್ಲುತ್ತದೆ.

ಇನ್ನೊಂದು ಲೆಕ್ಕ ಮಾಡಿ ನೋಡಿ. 6-ಜಿಂಜರಾಲ್‌ನ ಅಣುತೂಕ ಸುಮಾರು 294. ಲೀಟರಿಗೆ 15 ಮೈಕ್ರೋಗ್ರಾಂ ಅಂದರೆ, ಅಣುಗಳ ಎಣಿಕೆಯಲ್ಲಿ ಸಾಂದ್ರತೆ ಹೇಳುವ ಮಾನದಲ್ಲಿ, ಸುಮಾರು 50 ನ್ಯಾನೋಮೋಲಾರ್. 1000 ನ್ಯಾನೋಮೋಲಾರ್ ಸೇರಿದರೆ 1 ಮೈಕ್ರೋಮೋಲಾರ್. ಯಾವುದಾದರೂ ಪ್ರಯೋಗದಲ್ಲಿ 10 ಮೈಕ್ರೋಮೋಲಾರ್ ಬಳಸಿದ್ದರೆ ಅದು ಇದರ 200 ಪಟ್ಟು. ಅಷ್ಟು ಟೀ ಯಾರೂ ಕುಡಿಯಲಾರರು. ಸಂಶೋಧನಾ ಪ್ರಬಂಧ ಓದುವಾಗ ಮೊದಲು, ಎಷ್ಟು ಸಾಂದ್ರತೆ ಬಳಸಿದ್ದಾರೆ ಎಂಬ ಅಂಕಿಯ ಕೆಳಗೆ ಗೆರೆ ಎಳೆಯಿರಿ.